‘ಗ್ಯಾಸ್ಟ್ರಿಕ್’ ಎಂಬ ಅನಾಥ ವಿಶೇಷಣ

‘ನನಗೆ ಗ್ಯಾಸ್ಟ್ರಿಕ್ ಇದೆ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನೊಳಗಿನ ವ್ಯಾಕರಣದ ಮೇಷ್ಟರು ಎಚ್ಚರಗೊಳ್ಳುತ್ತಾರೆ. ಅದು ವಿಶೇಷಣ, ವಿಶೇಷ್ಯವೆಲ್ಲಿ? ‘ಜಠರದ’ ಎಂದಷ್ಟೇ ಹೇಳಿ ಸುಮ್ಮನಾದಂತೆ! ಜಠರದ ಹುಣ್ಣೋ, ಉರಿಯೂತವೋ, ಅನ್ನನಾಳಕ್ಕೆ ಆಮ್ಲ ಮೇಲೇರುತ್ತಿದೆಯೋ ಎಂದು ವಿಚಾರಿಸದೆ ಪ್ಯಾಂಟೊಪ್ರಜೋಲ್ ನುಂಗುತ್ತೇವೆ.

ನಾನೂ ನುಂಗಿದವನೇ. ವೈದ್ಯರು ಎಂಟು ವಾರಕ್ಕೆಂದು ಬರೆದ ಚೀಟಿಯನ್ನು ಆರು ವರ್ಷ ಔಷಧದಂಗಡಿಗೆ ಒಯ್ದೆ, ಯಾರೂ ತಡೆಯಲಿಲ್ಲ. ಪಾದಗಳು ಜೋಮುಗಟ್ಟಿದಾಗ ರಕ್ತ ಪರೀಕ್ಷಿಸಿದರೆ ಬಿ12 ಪಾತಾಳ ಸೇರಿತ್ತು. ಮೊದಲೇ ಸಸ್ಯಾಹಾರಿ, ಸಾಲದೆಂಬಂತೆ, ಆಹಾರದಿಂದ ಆ ಜೀವಸತ್ವವನ್ನು ಬಿಡಿಸಿಕೊಡುವ ಆಮ್ಲವನ್ನೇ ಅಡಗಿಸಿಟ್ಟಿದ್ದೆ. ತಿಂಡಿಗೆ ಅರ್ಧ ಗಂಟೆ ಮೊದಲು ಸೇವಿಸಬೇಕೆಂಬುದೂ ಆಗಲೇ ತಿಳಿದದ್ದು. ನಾನೋ, ಹೋಳಿಗೆಯೂಟ ಮುಗಿಸಿ ನುಂಗುತ್ತಿದ್ದೆ!

ಮಾತ್ರೆಯನ್ನು ದೂಷಿಸುತ್ತಿಲ್ಲ. ಹುಣ್ಣಿದ್ದವರಿಗೆ, ನಿತ್ಯ ನೋವುನಿವಾರಕ ಸೇವಿಸುವ ವೃದ್ಧರಿಗೆ ಅದು ರಕ್ಷೆ. ಅಂಥವರು ನನ್ನ ಮಾತು ಕೇಳಿ ಬಿಡಬಾರದು. ಥಟ್ಟನೆ ನಿಲ್ಲಿಸಿದರೆ ಆಮ್ಲ ಉಕ್ಕಿ ಬರುವುದೂ ಉಂಟು. ನನಗೆ ವೈದ್ಯರೇ ಹಂತಹಂತವಾಗಿ ಇಳಿಸಿದರು.

ನನ್ನ ಸಿಟ್ಟೆಲ್ಲ ‘ಬರೀ ಗ್ಯಾಸ್ಟ್ರಿಕ್’ ಎಂಬ ಉಡಾಫೆಯ ಮೇಲೆ. ಹೃದಯಾಘಾತವೂ ಎದೆಯುರಿಯ ವೇಷದಲ್ಲಿ ಬರುತ್ತದೆ. ನೋವು ತೋಳಿಗೋ ದವಡೆಗೋ ಹರಡಿ ಬೆವರು ಕಿತ್ತುಬಂದಾಗ ಸೋಡಾ ಕುಡಿಸುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.