ಯಕ್ಷಗಾನದ ಹಳೆಯ ಕ್ಯಾಸೆಟ್: ಯೂಟ್ಯೂಬ್‌ನಲ್ಲಿ ಕೇಳುತ್ತಿರುವುದು ಎಷ್ಟನೇ ನಕಲು?

ನವಿ ಮುಂಬೈನಲ್ಲಿ ಹಳೆಯ ಸಿಡ್ಕೋ ಕಟ್ಟಡಗಳು ಒಂದೊಂದಾಗಿ ಮರುನಿರ್ಮಾಣಕ್ಕೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಭಂಗಾರ್ ಅಂಗಡಿಯ ದಾರಿ ಹಿಡಿಯುವ ಸಾಮಾನುಗಳಲ್ಲಿ ಕ್ಯಾಸೆಟ್ ಡಬ್ಬಿಯೂ ಒಂದು. ಸಾನಪಾಡಾ, ವಾಶಿ, ನೆರೂಲ್‌ನ ಕರಾವಳಿ ಕನ್ನಡಿಗರ ಮನೆಯದಾದರೆ ಅದರಲ್ಲಿ ಯಕ್ಷಗಾನ ಇರುವ ಸಾಧ್ಯತೆಯೇ ಹೆಚ್ಚು. ಎಲ್ಲವೂ ಯೂಟ್ಯೂಬ್‌ನಲ್ಲಿ ಸಿಗುತ್ತದಲ್ಲ ಎಂಬ ಸಮಾಧಾನ ಬೇರೆ.

ಸಿಗುವುದು ನಿಜ. ಆದರೆ ಏನು ಸಿಗುತ್ತದೆ? ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಭಿಮಾನಿಗಳ ಬಳಿ ಉಳಿದಿರುವ ಅವರ ದನಿ ಬಹುಪಾಲು ಕ್ಯಾಸೆಟ್‌ನದ್ದು, ಅದೂ ಕೈಯಿಂದ ಕೈಗೆ ನಕಲಾಗಿ ಬಂದದ್ದು.

ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರ್‌ಗಿಂತ ಕಡಿಮೆ, ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಪ್ರತಿ ನಕಲಿನಲ್ಲೂ ಹೊಸ ಟೇಪಿನ 'ಸ್ಸ್' ಸದ್ದು ಹಳೆಯದಕ್ಕೆ ಸೇರುತ್ತದೆ; ಒಂದೇ ಗುಣಮಟ್ಟದ ಟೇಪ್ ಆದರೆ ಮೊದಲ ನಕಲಿಗೇ ಸುಮಾರು 3 ಡೆಸಿಬಲ್. ಹೆಡ್‌ನ ಕೋನ ಕೂದಲೆಳೆಯಷ್ಟು ತಪ್ಪಿದರೂ ಮೊದಲು ಮಂಕಾಗುವುದು ತಾಳದ ನಾದ. ಅದಕ್ಕಿಂತ ದೊಡ್ಡ ಅಪಾಯ ಶ್ರುತಿಯದ್ದು. ಟೇಪ್ ಶೇ. 6ರಷ್ಟು ವೇಗವಾಗಿ ಓಡಿದರೆ ಕಪ್ಪು ಎರಡರಲ್ಲಿ ಹಾಡಿದ ಪದ ಬಿಳಿ ಮೂರರಲ್ಲಿ ಕೇಳುತ್ತದೆ, ಲಯವೂ ಚುರುಕಾಗುತ್ತದೆ. ಕೇಳಿ ಕಲಿಯುವ ಹುಡುಗರು ಅದನ್ನೇ ನಾವಡರ ಶೈಲಿ ಎಂದುಕೊಂಡರೆ ಅಚ್ಚರಿಯಿಲ್ಲ.

ಡಿಜಿಟಲ್ ಫೈಲಿನ ಕಥೆ ಬೇರೆ. ಫೈಲನ್ನು ಹಾಗೆಯೇ ನಕಲು ಮಾಡಿದರೆ ನೂರನೆಯದೂ ಮೊದಲನೆಯದರಷ್ಟೇ ಚೆನ್ನ. ಕೆಡುವುದು ಕುಗ್ಗಿಸಿದಾಗ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದ್ದರೆ, 128ರ ಎಂಪಿ3ಯಲ್ಲಿ ಇರುವುದು ಅದರ ಹನ್ನೊಂದನೇ ಒಂದು ಭಾಗ. ಅದನ್ನು ಮತ್ತೆ 320ಕ್ಕೆ ಏರಿಸಿ 'ಎಚ್‌ಡಿ' ಎಂದು ಬರೆದರೆ ಫೈಲು ದಪ್ಪವಾಗುತ್ತದೆ, ಕಳೆದುಹೋದ ನಾದ ಬರುವುದಿಲ್ಲ.

ಹಾಗಾದರೆ ಡಬ್ಬಿಯಲ್ಲಿ ಯಾವುದು ಮುಖ್ಯ? ಕಂಪನಿ ಬಿಟ್ಟ ಬಣ್ಣದ ಲೇಬಲ್ಲಿನ ಕ್ಯಾಸೆಟ್ ಕೂಡ ಸ್ಟುಡಿಯೊ ಟೇಪಿನ ನಕಲೇ, ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು. ಆದರೆ ರಾತ್ರಿಯಾಟದಲ್ಲಿ ಯಾರೋ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡ, ಪೆನ್ನಿನಲ್ಲಿ ಪ್ರಸಂಗದ ಹೆಸರು ಗೀಚಿದ ಕ್ಯಾಸೆಟ್ಟೇ ಆ ರಾತ್ರಿಯ ಮೂಲ. ನೋಡಲು ಅದೇ ಕಸದಂತಿರುತ್ತದೆ.

ಇಂಥದ್ದನ್ನು ಡಿಜಿಟಲ್ ಮಾಡುವಾಗ 48 ಕಿಲೋಹರ್ಟ್ಸ್, 24 ಬಿಟ್‌ಗಿಂತ ಕಡಿಮೆ ಬೇಡ ಎನ್ನುತ್ತದೆ ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘ ಐಎಎಸ್‌ಎ. ಕುಗ್ಗಿಸದ ವೇವ್ ಫೈಲೇ ಆಗಬೇಕು. ಮೊದಲು ಹೆಡ್ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ, ತಾಳ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ಗೆ ಕಳಿಸುವ ಎಂಪಿ3 ಆಮೇಲೆ. ಕ್ಯಾಸೆಟ್ ಮಾತ್ರ ಹೊಸ ಫ್ಲ್ಯಾಟಿಗೂ ಹೋಗಲಿ.