ಜಿಲ್ಲೆಗೆ ಕೊನೆ ಸ್ಥಾನ, ಶಾಲೆಗೆ ಎಷ್ಟನೇ ಸ್ಥಾನ?

ನಮ್ಮಲ್ಲಿ ಎಲ್ಲರೂ ಬೆಂಗಳೂರಿನ ಟೆಕ್ ಪಾರ್ಕ್‌ಗೇ ಹೋಗೋದಿಲ್ಲ. ಕೆಲವರು ಲೋಕೋಪಯೋಗಿ ಇಲಾಖೆ ಸೇರ್ತಾರೆ, ಕೆಲವರು ಜೆಸ್ಕಾಂ, ಕೆಲವರು ಕೃಷ್ಣಾ ಭಾಗ್ಯ ಜಲ ನಿಗಮ. ಹಾಗೆ ಸೇರಿದ ಒಬ್ಬರಿಗೆ ಸುರಪುರಕ್ಕೋ ಭೀಮರಾಯನಗುಡಿಗೋ ಪೋಸ್ಟಿಂಗ್ ಬಂತು ಅಂದುಕೊಳ್ಳಿ. ಮನೆಯಲ್ಲಿ ಬರುವ ಮೊದಲ ಮಾತು ಯಾವುದು ಅಂತ ನಿಮಗೂ ಗೊತ್ತು. "ನೀನು ಹೋಗಿ ಕೆಲಸ ಮಾಡು, ಮಕ್ಕಳನ್ನ ಮಾತ್ರ ಅಲ್ಲಿ ಓದಿಸೋದು ಬೇಡ." ಹೆಂಡತಿ ಮಕ್ಕಳು ಕಲಬುರಗಿಯಲ್ಲೋ ಹುಬ್ಬಳ್ಳಿಯಲ್ಲೋ ಉಳಿಯುತ್ತಾರೆ. ಸಾಹೇಬರು ಪ್ರತಿ ಶುಕ್ರವಾರ ಸಂಜೆ ಬಸ್ ಹತ್ತುತ್ತಾರೆ. ಅಷ್ಟು ದೊಡ್ಡ ತೀರ್ಮಾನ ತೆಗೆದುಕೊಂಡ ಆ ಮನೆಯಲ್ಲಿ ಅಲ್ಲಿನ ಒಂದು ಶಾಲೆಯ ಒಳಗೂ ಯಾರೂ ಕಾಲಿಟ್ಟಿರುವುದಿಲ್ಲ.

ಹಾಗಾದರೆ ಯಾವ ಆಧಾರದ ಮೇಲೆ ತೀರ್ಮಾನ ಮಾಡಿದ್ರು? ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಟಿವಿಯಲ್ಲಿ ಬರುವ ಜಿಲ್ಲಾವಾರು ಪಟ್ಟಿಯ ಮೇಲೆ. 2023ರಲ್ಲೂ 2024ರಲ್ಲೂ ಆ ಪಟ್ಟಿಯ ಕೊನೆಯಲ್ಲಿ ಇದ್ದದ್ದು ಯಾದಗಿರಿ. ಅಲ್ಲಿಗೆ ಕೇಸು ಮುಗೀತು.

ನನ್ನ ತಕರಾರು ಇರುವುದು ಇಲ್ಲೇ. ಹಳ್ಳಿಯ ಸರ್ಕಾರಿ ಶಾಲೆಗಳೆಲ್ಲ ಚೆನ್ನಾಗಿವೆ, ಕಣ್ಣು ಮುಚ್ಚಿ ಸೇರಿಸಿ ಅಂತ ನಾನು ಹೇಳ್ತಿಲ್ಲ. ಕೆಲವು ಶಾಲೆಗಳಿಗೆ ನನ್ನ ತಂಗಿಯನ್ನೂ ನಾನು ಸೇರಿಸಲ್ಲ. ಆದರೆ ಒಂದು ಊರಿಗೆ ಹೋಗುವ ಮುನ್ನ ಅಲ್ಲಿನ ಶಾಲೆಯನ್ನು ಅಳೆಯಬೇಕು ಅಂದರೆ ಸರಿಯಾದ ಅಳತೆಗೋಲು ಬೇಕು. ನಾವು ಹಿಡಿದುಕೊಂಡಿರುವ ರ್‍ಯಾಂಕಿಂಗ್ ಅನ್ನೋದು ಆ ಅಳತೆಗೋಲಲ್ಲ. ತಪ್ಪಾಗಿ ಅಳೆದರೆ ನಷ್ಟ ಆಗೋದು ನಮಗೆ ಮಾತ್ರವೂ ಅಲ್ಲ.

ಮೊದಲು ಆ ಪಟ್ಟಿಯ ಬಗ್ಗೆ ಎರಡು ಮಾತು. 2023ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ಮೊದಲ ಸ್ಥಾನ ಚಿತ್ರದುರ್ಗಕ್ಕೆ ಬಂದಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಅದೇ ಚಿತ್ರದುರ್ಗ ಇಪ್ಪತ್ತನೇ ಸ್ಥಾನದಿಂದಲೂ ಕೆಳಗೆ ಹೋಯಿತು. ಇಡೀ ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಮೇಷ್ಟ್ರುಗಳೆಲ್ಲ ಪಾಠ ಮಾಡೋದು ಮರೆತರಾ? ಇಲ್ಲ. ಬದಲಾದದ್ದು ಅಳೆಯುವ ವಿಧಾನ. ಸೆನ್ಸರ್ ಬದಲಾಯಿಸಿದ ಕೂಡಲೇ ರೀಡಿಂಗ್ ಇಷ್ಟು ಜಿಗಿಯುತ್ತೆ ಅಂದರೆ ಲ್ಯಾಬ್‌ನಲ್ಲಿ ನಾವು ಮೊದಲು ಅನುಮಾನಪಡೋದು ಸೆನ್ಸರನ್ನೇ ಅಲ್ವಾ?

ಎರಡನೆಯದು, ಜಿಲ್ಲೆಯ ಸರಾಸರಿ ಒಂದು ಶಾಲೆಯ ಬಗ್ಗೆ ಏನನ್ನೂ ಹೇಳಲ್ಲ. ಪ್ಲೇಸ್‌ಮೆಂಟ್ ಬ್ಯಾನರ್‌ನಲ್ಲಿ ದೊಡ್ಡದಾಗಿ ಹಾಕುವ ಆವರೇಜ್ ಪ್ಯಾಕೇಜ್ ನೋಡಿ ನಮ್ಮ ಬ್ರಾಂಚಿನ ಕಡೇ ಬೆಂಚಿನವನಿಗೆ ಎಷ್ಟು ಸಿಗುತ್ತೆ ಅಂತ ಯಾರಾದ್ರೂ ಹೇಳಕ್ಕಾಗುತ್ತಾ? ಹೋಗಲಿ, ಆ ಶಾಲೆಯದೇ ಫಲಿತಾಂಶ ನೋಡ್ತೀವಿ ಅಂದರೂ ತೊಂದರೆ ಇದೆ. ಹಳ್ಳಿಯ ಪ್ರೌಢಶಾಲೆಯಲ್ಲಿ ಹತ್ತನೇ ಕ್ಲಾಸಿಗೆ 12 ಮಕ್ಕಳಿದ್ದರೆ ಒಂದೊಂದು ಮಗುವೂ ಶೇ. 8.3. ಹೋದ ವರ್ಷ ನೂರಕ್ಕೆ ನೂರು, ಈ ವರ್ಷ ಎಪ್ಪತ್ತೈದು ಅಂದರೆ ಶಾಲೆ ಕುಸಿದುಬಿತ್ತು ಅಂತಲ್ಲ, ಮೂರು ಮಕ್ಕಳು ಫೇಲಾದರು ಅಂತ. ಸ್ಯಾಂಪಲ್ ಸೈಜ್ ಬಗ್ಗೆ ಇಂಟರ್ನಲ್ಸ್‌ನಲ್ಲಿ ಅಷ್ಟು ಬರೆದಿದ್ದೀವಿ, ಇಲ್ಲಿ ಮಾತ್ರ ಮರೆತುಬಿಡ್ತೀವಿ. ಅದರ ಬದಲು ಎಂಟನೇ ಕ್ಲಾಸಿಗೆ ಸೇರಿದ ಎಷ್ಟು ಮಕ್ಕಳು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತರು ಅಂತ ಕೇಳಿ. ದಡ್ಡ ಅನ್ನಿಸಿದವರನ್ನೆಲ್ಲ ದಾರಿಯಲ್ಲೇ ಇಳಿಸಿ ನೂರಕ್ಕೆ ನೂರು ತೆಗೆಯೋದು ಕಷ್ಟದ ಕೆಲಸವೇನಲ್ಲ.

ಹಾಗಾದ್ರೆ ಏನು ನೋಡಬೇಕು?

ಕೂತಲ್ಲಿಂದಲೇ ಶುರು ಮಾಡಬಹುದು. ದೇಶದ ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಕೋಡ್ ಇದೆ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತೆ. ಯು-ಡೈಸ್ ಪ್ಲಸ್ ಪೋರ್ಟಲ್‌ನಲ್ಲಿ ಆ ಶಾಲೆಯ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಶೌಚಾಲಯ, ಕರೆಂಟು, ಲೈಬ್ರರಿ ಇದೆಯಾ ಅನ್ನೋ ವಿವರ ಸಿಗುತ್ತೆ. ಆದರೆ ನೆನಪಿರಲಿ, ಇದನ್ನು ತುಂಬೋದು ಶಾಲೆಯವರೇ. "ಶೌಚಾಲಯ: ಇದೆ" ಅಂತ ಬರೆದ ಕಡೆ ಬಾಗಿಲಿಗೆ ಬೀಗ ಇರಬಹುದು, ಒಳಗೆ ನೀರಿಲ್ಲದೆ ಇರಬಹುದು. ಪೋರ್ಟಲ್ ನಮಗೆ ಪ್ರಶ್ನೆಗಳನ್ನು ಕೊಡುತ್ತೆ. ಉತ್ತರಕ್ಕೆ ಹೋಗಿಯೇ ನೋಡಬೇಕು.

ಹೋಗೋದು ಯಾವಾಗ ಅನ್ನೋದೂ ಮುಖ್ಯ. ಜೂನ್‌ನಲ್ಲಿ ಹೋದರೆ ತಳಿರು ತೋರಣ, ಹೊಸ ಪುಸ್ತಕ, ತುಂಬಿದ ಕ್ಲಾಸು. ನವೆಂಬರ್‌ನಲ್ಲಿ ಹೋಗಿ. ಯಾದಗಿರಿ, ರಾಯಚೂರಿನ ಕಡೆ ಅದು ಹತ್ತಿ ಬಿಡಿಸುವ ಕಾಲ. ದುಡಿಯೋಕೆ ಅಂತ ಮನೆಮಂದಿಯೆಲ್ಲ ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ ಹೋಗುವ ಊರುಗಳೂ ಅಲ್ಲಿವೆ. ಹಾಜರಿ ಪುಸ್ತಕದಲ್ಲಿ 40 ಹೆಸರಿದ್ದು ಕ್ಲಾಸಿನಲ್ಲಿ 19 ಮಕ್ಕಳು ಕೂತಿದ್ದರೆ, ಉಳಿದವರು ಎಲ್ಲಿ ಅಂತ ಹೆಡ್‌ಮೇಷ್ಟ್ರನ್ನು ಕೇಳಿ. "ಬರ್ತಾರ್ರೀ, ಬರ್ತಾರೆ" ಅಂತ ತೇಲಿಸಿದರೆ ಒಂದು ಲೆಕ್ಕ. ಯಾವ ಮಗು ಯಾರ ಹೊಲದಲ್ಲಿದೆ, ಯಾರ ಮನೆಗೆ ಎಷ್ಟು ಸಲ ಹೋಗಿ ಬಂದೆವು ಅಂತ ಹೆಸರು ಹಿಡಿದು ಹೇಳಿದರೆ ಇನ್ನೊಂದು ಲೆಕ್ಕ. ಗೈರುಹಾಜರಿ ಎರಡೂ ಶಾಲೆಯಲ್ಲಿ ಅಷ್ಟೇ ಇರಬಹುದು. ನಾನಾಗಿದ್ರೆ ಎರಡನೆಯದನ್ನೇ ಆರಿಸ್ತೀನಿ.

ಇನ್ನು ಕ್ಲಾಸಿನೊಳಗೆ. ಹೊರಗಿನಿಂದ ಹೋದವರು ಒಂದು ವಿಷಯದಲ್ಲಿ ಯಾವಾಗಲೂ ಎಡವುತ್ತಾರೆ. 1, 2, 3ನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು ಗಲಗಲ ಅಂತಿರುತ್ತಾರೆ. "ಅಯ್ಯೋ, ಮೂರು ಕ್ಲಾಸಿಗೆ ಒಬ್ಬರೇ ಟೀಚರ್!" ಅಂತ ಅಲ್ಲಿಂದಲೇ ವಾಪಸ್. ಅದು ನಲಿ-ಕಲಿ. ತೊಂಬತ್ತರ ದಶಕದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ ಏಣಿ ಹತ್ತಿದಂತೆ ಹತ್ತಬೇಕು ಅನ್ನೋದು ಅದರ ವಿನ್ಯಾಸ. ಆ ಗಲಾಟೆ ಒಳ್ಳೆಯದೇ. ಆದರೆ 4 ಮತ್ತು 5ನೇ ಕ್ಲಾಸನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬರಿಗೆ ಪಾಠ ಮಾಡುವಾಗ ಇನ್ನೊಬ್ಬರಿಗೆ ಕಾಪಿ ಬರೆಯೋಕೆ ಹೇಳಿದ್ದರೆ ಅದು ಪದ್ಧತಿ ಅಲ್ಲ, ಶಿಕ್ಷಕರ ಕೊರತೆ. ನೋಡೋಕೆ ಎರಡೂ ಒಂದೇ ಥರ ಕಾಣುತ್ತೆ. ವ್ಯತ್ಯಾಸ ಗೊತ್ತಿಲ್ಲದಿದ್ದರೆ ಒಳ್ಳೆಯದನ್ನು ಕೆಟ್ಟದ್ದು ಅಂದುಕೊಂಡು ಬರ್ತೀವಿ.

ಮಕ್ಕಳ ಕಲಿಕೆ ಅಳೆಯೋದು ಹೇಗೆ? 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯವರು ತುಂಬಾ ಸರಳವಾದ ಒಂದು ವಿಧಾನ ಇಟ್ಟುಕೊಂಡಿದ್ದಾರೆ. ಮಗುವಿನ ಮುಂದೆ ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸಿನ ಮಟ್ಟದ ಪುಟ್ಟ ಕಥೆ ಇಡೋದು. ಲೆಕ್ಕದಲ್ಲಿ ಸಂಖ್ಯೆ ಗುರುತಿಸೋದರಿಂದ ಹಿಡಿದು ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವವರೆಗೆ. ಅವರು ಕೇಳೋದು ಶಾಲೆಯಲ್ಲಲ್ಲ, ಮನೆಯಲ್ಲಿ. ಊರಿನ ಕಟ್ಟೆಯ ಮೇಲೆ ಐದನೇ ಕ್ಲಾಸಿನ ನಾಲ್ಕಾರು ಮಕ್ಕಳನ್ನು ಮಾತಾಡಿಸಿ, ಕಥೆ ಓದಿಸಿ, 847ನ್ನು 6ರಿಂದ ಭಾಗಿಸೋಕೆ ಹೇಳಿ. ಇನ್‌ಸ್ಪೆಕ್ಟರ್ ಥರ ಅಲ್ಲ, ಅಣ್ಣನ ಥರ, ಅಕ್ಕನ ಥರ. ಶೇಕಡಾವಾರು ಫಲಿತಾಂಶ ಹೇಳದೇ ಇದ್ದದ್ದನ್ನು ಆ ಅರ್ಧ ಗಂಟೆ ಹೇಳುತ್ತೆ.

ಶಿಕ್ಷಕರ ವಿಷಯದಲ್ಲಿ ಮೂರು ಪ್ರಶ್ನೆ ಸಾಕು. ಮಂಜೂರಾದ ಹುದ್ದೆ ಎಷ್ಟು, ಕೆಲಸ ಮಾಡ್ತಿರೋರು ಎಷ್ಟು? ಅವರಲ್ಲಿ ಅತಿಥಿ ಶಿಕ್ಷಕರು ಎಷ್ಟು ಜನ, ಶಾಲೆ ಶುರುವಾಗಿ ಎಷ್ಟು ದಿನದ ಮೇಲೆ ಬಂದರು? 6ರಿಂದ 8ನೇ ಕ್ಲಾಸಿಗೆ ಗಣಿತ-ವಿಜ್ಞಾನಕ್ಕೆ ಅಂತಲೇ ಒಬ್ಬರು ಇದ್ದಾರಾ? ಮೂರನೆಯದಕ್ಕೆ "ಇಲ್ಲ" ಅಂತ ಉತ್ತರ ಬಂದರೆ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಆರನೇ ಕ್ಲಾಸಿನ ಮಗುವನ್ನು ಕರೆದುಕೊಂಡು ಹೋಗುವ ಮುನ್ನ ಇನ್ನೊಮ್ಮೆ ಯೋಚನೆ ಮಾಡಿ. ಹಾಗೇ ಪ್ರೌಢಶಾಲೆ ಎಷ್ಟು ದೂರ, ಬಸ್ಸು ಎಷ್ಟು ಗಂಟೆಗೆ ಅಂತಲೂ ಕೇಳಿ. ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ಕ್ಲಾಸಿಗೆ ನಿಲ್ಲುತ್ತೆ. ಸಂಜೆ ಬಸ್ಸಿಲ್ಲದ ಊರಲ್ಲಿ ಹೆಣ್ಣುಮಕ್ಕಳ ಓದೂ ಬಹಳ ಸಲ ಅಲ್ಲಿಗೇ ನಿಲ್ಲುತ್ತೆ.

"ಅದೆಲ್ಲ ಸರಿ ಗುರೂ, ಇಂಗ್ಲಿಷ್?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಕನ್ನಡ ಮೀಡಿಯಂನಿಂದ ಬಂದವರು ಫಸ್ಟ್ ಸೆಮ್‌ನಲ್ಲಿ ಎಷ್ಟು ಒದ್ದಾಡ್ತಾರೆ ಅಂತ ಕ್ಲಾಸಿನಲ್ಲೇ ನೋಡಿದ್ದೀವಿ, ಆ ಕಷ್ಟವನ್ನು ಇಲ್ಲ ಅನ್ನೋಕಾಗಲ್ಲ. 2019-20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದದ್ದೂ ಪೋಷಕರ ಈ ಭಯಕ್ಕೇ. ಆದರೆ ಬೋರ್ಡಿನ ಮೇಲೆ ಯಾವ ಮೀಡಿಯಂ ಅಂತ ಬರೆದಿದೆ ಅನ್ನೋದಕ್ಕಿಂತ, ಪಾಠ ಮಾಡುವವರು ಆ ಭಾಷೆಯಲ್ಲಿ ಸಲೀಸಾಗಿ ಮಾತಾಡ್ತಾರಾ ಅನ್ನೋದನ್ನ ನೋಡಿ. ಹಳದಿ ವ್ಯಾನಿನಲ್ಲಿ ದಿನಾ ಎರಡು ಗಂಟೆ ಕೂತು ಹೋಗಿ, ಉತ್ತರಗಳನ್ನು ಉರು ಹೊಡೆದು ಬರುವ ಮಗುವಿಗೆ ಇಂಗ್ಲಿಷೂ ಬರಲ್ಲ, ಗಣಿತವೂ ಬರಲ್ಲ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ, ಸಿಟಿಯಲ್ಲೇ ಇದ್ದರಾಯ್ತಲ್ಲ ಅನ್ನಬಹುದು. ಇಲ್ಲೇ ನಾನು ಮೊದಲು ಹೇಳಿದ ನಷ್ಟದ ಲೆಕ್ಕ ಬರುತ್ತೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ಕ್ಲಾಸಿನಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಒಂದು ಶಾಲೆಯಲ್ಲಿ 62 ಮಕ್ಕಳಿದ್ದಾರೆ ಅಂದುಕೊಳ್ಳಿ. ಊರಿನ ಅನುಕೂಲಸ್ಥರ ಮನೆಯಿಂದ ಇಬ್ಬರು ಮಕ್ಕಳು ಬಿಟ್ಟು ಹೋದರೆ 60. ಲೆಕ್ಕದ ಪ್ರಕಾರ ಮೂರನೇ ಶಿಕ್ಷಕರು ಈಗ "ಹೆಚ್ಚುವರಿ". ಅವರು ಬೇರೆ ಕಡೆ ಹೋದರೆ ಐದು ಕ್ಲಾಸಿಗೆ ಇಬ್ಬರು. ಪಾಠ ಇನ್ನೂ ಸೊರಗುತ್ತೆ, ಇನ್ನೂ ನಾಲ್ಕು ಮಕ್ಕಳು ವ್ಯಾನ್ ಹತ್ತುತ್ತಾರೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಪಕ್ಕಾ ಪಾಸಿಟಿವ್ ಫೀಡ್‌ಬ್ಯಾಕ್. ಕೊನೆಗೆ ಅಲ್ಲಿ ಉಳಿಯೋದು ಎಲ್ಲಿಗೂ ಹೋಗಲಾಗದವರ ಮಕ್ಕಳು. ಇದೇ ಲೂಪ್ ಉಲ್ಟಾನೂ ತಿರುಗುತ್ತೆ ಅನ್ನೋದನ್ನ ಮಾತ್ರ ನಾವು ಯೋಚಿಸಲ್ಲ. ಅರವತ್ತು ಮಕ್ಕಳ ಶಾಲೆಗೆ ಒಬ್ಬ ಜೂನಿಯರ್ ಎಂಜಿನಿಯರ್ ತನ್ನ ಒಂದೇ ಮಗುವನ್ನು ಸೇರಿಸಿದರೂ ಲೆಕ್ಕ 61ಕ್ಕೆ ಬರುತ್ತೆ.

ಜೊತೆಗೆ, ಪೋಷಕರಾದರೆ ಎಸ್‌ಡಿಎಂಸಿಗೆ ಬರಬಹುದು. ಕಾಯ್ದೆಯ ಪ್ರಕಾರ ಅದರ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಖಾಲಿ ಹುದ್ದೆಯ ಬಗ್ಗೆ ಬಿಇಒ ಆಫೀಸಿಗೆ ಅರ್ಜಿ ಬರೆಯೋದು, ಬರೆದ ಅರ್ಜಿ ಏನಾಯ್ತು ಅಂತ ಮತ್ತೆ ಹೋಗಿ ಕೇಳೋದು, ಇದನ್ನು ಕೂಲಿ ಬಿಟ್ಟು ಮಾಡೋಕೆ ಎಲ್ಲ ಅಪ್ಪ-ಅಮ್ಮನಿಗೂ ಆಗಲ್ಲ. ನಮ್ಮಂಥವರಿಗೆ ಆಗುತ್ತೆ. ಅದಕ್ಕಾಗಿ ಸ್ವಂತ ಮಗುವಿನ ಓದನ್ನು ಬಲಿ ಕೊಡಿ ಅಂತಲ್ಲ. ನೋಡಿ, ಅಳೆದು, ಸರಿ ಕಾಣದಿದ್ದರೆ ಧಾರಾಳವಾಗಿ ಬೇಡ ಅನ್ನಿ. ನೋಡದೇ ಬೇಡ ಅನ್ನಬೇಡಿ ಅಷ್ಟೇ.

ನಮಗೆ ಈ ಮಾತು ದೂರದ್ದೇನಲ್ಲ. ಸಿಇಟಿ ಸಮಯದಲ್ಲಿ ಗ್ರಾಮೀಣ ಮೀಸಲಾತಿಗೆ, ಕನ್ನಡ ಮಾಧ್ಯಮ ಮೀಸಲಾತಿಗೆ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಹಿಡಿದು ಬಿಇಒ ಸಹಿಗೆ ಅಲೆದವರು ನಮ್ಮ ಪ್ರತಿ ಸೆಕ್ಷನ್‌ನಲ್ಲೂ ಇದ್ದಾರೆ. ಅವರ ಅಪ್ಪ-ಅಮ್ಮ ಜಿಲ್ಲೆಯ ರ್‍ಯಾಂಕ್ ನೋಡಿ ಶಾಲೆಗೆ ಸೇರಿಸಿರಲಿಲ್ಲ. ಆ ಶಾಲೆಗಳಲ್ಲಿ ಏನು ಸರಿಯಿತ್ತು, ಏನು ಕೈಕೊಟ್ಟಿತು ಅಂತ ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಅವರನ್ನು ಕೇಳಿ.

ಪೋಸ್ಟಿಂಗ್ ಬರೋತನಕ ಕಾಯಬೇಕಾಗಿಯೂ ಇಲ್ಲ. ಎನ್ನೆಸ್ಸೆಸ್‌ನವರು ಏಳು ದಿನದ ಕ್ಯಾಂಪಿಗೆ ಹಳ್ಳಿಗೆ ಹೋಗ್ತಾರೆ, ಉಳಿಯೋದೂ ಹೆಚ್ಚಾಗಿ ಸರ್ಕಾರಿ ಶಾಲೆಯ ಕಟ್ಟಡದಲ್ಲೇ. ಗೋಡೆಗೆ ಬಣ್ಣ ಬಳಿದು, ಗಿಡ ನೆಟ್ಟು, ಗ್ರೂಪ್ ಫೋಟೋ ತೆಗೆಸಿಕೊಂಡು ಬರ್ತಾರೆ. ಈ ಸಲ ಒಂದು ದಿನ ಬಣ್ಣದ ಡಬ್ಬ ಬದಿಗಿಟ್ಟು, ಹೆಡ್‌ಮೇಷ್ಟ್ರ ಅನುಮತಿ ಕೇಳಿ, ಮೇಲಿನ ಪ್ರಶ್ನೆಗಳನ್ನು ಹಿಡಿದು ಆ ಶಾಲೆಯನ್ನು ನಿಜಕ್ಕೂ ನೋಡಿ. ಖಾಲಿ ಹುದ್ದೆ ಎಷ್ಟು, ನೀರು ಬರದ ನಲ್ಲಿ ಯಾವುದು, ಶಾಲೆಗೆ ಬರದ ಮಕ್ಕಳು ಎಷ್ಟು ಅಂತ ಎರಡು ಪುಟ ಕನ್ನಡದಲ್ಲಿ ಬರೆದು ಎಸ್‌ಡಿಎಂಸಿ ಅಧ್ಯಕ್ಷರ ಕೈಗೆ ಕೊಟ್ಟು ಬನ್ನಿ. ಮುಂದಿನ ವರ್ಷ ಅದೇ ಊರಿಗೆ ಹೋದಾಗ ಆ ಎರಡು ಪುಟದಲ್ಲಿ ಎಷ್ಟು ಸಾಲು ಹೊಡೆದುಹಾಕಬಹುದು ಅಂತ ನೋಡೋಣ.