ಗುಂಡಿಗೆಗಾಗಿ ಕಾದ ಹಕ್ಕಿ

ವಿಮಾನ ಪ್ರದರ್ಶನದ ದಿನಗಳಲ್ಲಿ ಯಲಹಂಕದ ವಾಯುನೆಲೆಯಿಂದ ‘ತೇಜಸ್’ ಮೇಲೆದ್ದಾಗ ಪಕ್ಕದ ಪುಟ್ಟೇನಹಳ್ಳಿಯ ಮನೆಗಳ ಕಿಟಕಿಗಳು ಅದುರುವುವು. ಬೆಂಗಳೂರಿನಲ್ಲಿಯೇ ರೂಪುಗೊಂಡ ಆ ವಿಮಾನದ ಗರ್ಜನೆ ಹೊರಡುವುದು ಮಾತ್ರ ಅಮೆರಿಕದ ಎಂಜಿನ್ನಿನಿಂದ. ಮೈ ಸ್ವದೇಶದ್ದು, ಗುಂಡಿಗೆ ಪರದೇಶದ್ದು ಎಂಬ ಈ ಕೊರತೆ ಇಂದಿನದಲ್ಲ.

1956ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕುರ್ಟ್ ಟ್ಯಾಂಕ್ ರೂಪಿಸಿದ ‘ಮಾರುತ್’ ಯುದ್ಧವಿಮಾನವು 1961ರ ಜೂನ್ 17ರಂದು ಆಕಾಶಕ್ಕೇರಿತು. ಶಬ್ದದ ಎರಡು ಪಟ್ಟು ವೇಗ ಅದರ ಗುರಿ. ಆದರೆ ಅದಕ್ಕೆ ತಕ್ಕ ಬ್ರಿಟಿಷ್ ಎಂಜಿನ್ನಿನ ಯೋಜನೆ ಹಣವಿಲ್ಲದೆ ನಿಂತುಹೋಯಿತು. ಸಣ್ಣ ಎಂಜಿನ್ನುಗಳನ್ನೇ ನೆಚ್ಚಿದ ಮಾರುತ್, ಶಬ್ದದ ವೇಗವನ್ನು ಮುಟ್ಟಲೂ ಏದುಸಿರು ಬಿಡಬೇಕಾಯಿತು.

ಆಗ ಕಣ್ಣಿಗೆ ಬಿದ್ದವನು ಫರ್ಡಿನಾಂಡ್ ಬ್ರಾಂಡ್ನರ್. 1903ರಲ್ಲಿ ವಿಯೆನ್ನದಲ್ಲಿ ಜನಿಸಿದ ಈತ ಹಿಟ್ಲರನ ಕಾಲದ ಯುಂಕರ್ಸ್ ಕಾರ್ಖಾನೆಯ ಎಂಜಿನ್ ತಜ್ಞ, ನಾಜಿಗಳ ಎಸ್.ಎಸ್. ಪಡೆಯ ಸದಸ್ಯನೂ ಹೌದು. 1945ರಲ್ಲಿ ಸೋವಿಯತ್ತರ ಸೆರೆಯಾದ ಇವನನ್ನೂ ಇವನ ಸಂಗಡಿಗರನ್ನೂ ವೋಲ್ಗಾ ತೀರದ ಕುಯಿಬಿಷೆವ್ ನಗರದಲ್ಲಿ ದುಡಿಸಲಾಯಿತು. ಅಲ್ಲಿ, ನಿಕೊಲಾಯ್ ಕುಜ್ನೆತ್ಸೋವನ ವಿನ್ಯಾಸಕೇಂದ್ರದಲ್ಲಿ, 12,000 ಅಶ್ವಶಕ್ತಿಯನ್ನು ಮೀರಿದ ‘ಎನ್‌ಕೆ-12’ ಎಂಜಿನ್ ಸಿದ್ಧವಾಯಿತು. ಬಂದಿಗಳು ತಾಯ್ನಾಡಿಗೆ ಮರಳಿದರು. ವಿದ್ಯೆ ಅಲ್ಲಿಯೇ ಬೇರೂರಿತು. ಮುಂದೆ ಅದೇ ಕುಜ್ನೆತ್ಸೋವನು ಚಂದ್ರಯಾನದ ‘ಎನ್-1’ ರಾಕೆಟ್ಟಿಗೂ ಎಂಜಿನ್ ಕಟ್ಟಿದನು.

ಬ್ರಾಂಡ್ನರ್ ಈಜಿಪ್ಟಿಗೆ ಹೋಗಿ ‘ಇ-300’ ಎಂಬ ಎಂಜಿನ್ನನ್ನು ನಿರ್ಮಿಸಿದನು. ಅದನ್ನು ಪರೀಕ್ಷಿಸಲು ಬೆಂಗಳೂರಿನ ಒಂದು ಮಾರುತ್ ನೈಲ್ ನಾಡಿಗೆ ಪಯಣಿಸಿತು. ಒಂದು ಬದಿಗೆ ಹಳೆಯ ಎಂಜಿನ್, ಇನ್ನೊಂದು ಬದಿಗೆ ಹೊಸದು. ಹೀಗೆ 1967ರ ಮಾರ್ಚ್ 29ರಂದು ಭಾರತದ ವೈಮಾನಿಕ ಕಪಿಲ್ ಭಾರ್ಗವ ಅದನ್ನು ಹಾರಿಸಿದರು. ಆಸೆ ಚಿಗುರಿತು. ಆದರೆ ಜೂನ್ ತಿಂಗಳಲ್ಲಿ ಯುದ್ಧ ಬಂದಿತು. 1969ರಲ್ಲಿ ಈಜಿಪ್ಟ್ ಆ ಯೋಜನೆಯನ್ನೇ ಕೈಬಿಟ್ಟಿತು. ಮಾರುತ್ 1971ರ ಸಮರದಲ್ಲಿ ಶೌರ್ಯ ಮೆರೆದರೂ, ಸಣ್ಣ ಎಂಜಿನ್ನುಗಳೊಡನೆಯೇ ಬಾಳಿ 1990ರಲ್ಲಿ ನಿವೃತ್ತವಾಯಿತು.

ಎಂಜಿನ್ ಏಕೆ ಇಷ್ಟು ದುರ್ಲಭ? ಲೋಹವೇ ಕರಗುವಷ್ಟು ಕಾವಿನ ಅನಿಲದ ನಡುವೆ ಅದರ ಅಲಗುಗಳು ಸಾವಿರಾರು ಗಂಟೆ ಕರಗದೆ, ಬಾಗದೆ ತಿರುಗಬೇಕು. ಅಂಥ ಲೋಹವಿದ್ಯೆಯನ್ನು ಒಬ್ಬ ತಜ್ಞ ಪೆಟ್ಟಿಗೆಯಲ್ಲಿ ಹೊತ್ತು ತರಲಾರ. ಬೆಂಗಳೂರು ತನ್ನದೇ ‘ಕಾವೇರಿ’ ಎಂಜಿನ್ನಿನ ಯೋಜನೆಗೆ 1989ರಲ್ಲಿ ಮಂಜೂರಾತಿ ಪಡೆಯಿತು. 2010ರಲ್ಲಿ ಅದನ್ನು ಹಾರಿಸಿ ಪರೀಕ್ಷಿಸಲು ರಷ್ಯಕ್ಕೇ ಒಯ್ಯಬೇಕಾಯಿತು. ತೇಜಸ್ಸಿಗೆ ಅದು ಒದಗಲಿಲ್ಲ. ಆದರೂ ಆ ಇಪ್ಪತ್ತು ವರ್ಷಗಳು ವ್ಯರ್ಥವೆನ್ನಲಾಗದು. ಗುರು ಹೊರಟುಹೋದ ಮೇಲೂ ಶಾಲೆ ಉಳಿದದ್ದು ಕುಯಿಬಿಷೆವ್‌ನ ಭಾಗ್ಯ. ಬೆಂಗಳೂರು ಈಗ ಕಟ್ಟುತ್ತಿರುವುದೂ ಅಂಥದೊಂದು ಶಾಲೆಯನ್ನೇ.